ಗಾಜಿನಾಚೆಯ ಕಣ್ಣು

ಹದಿನೇಳು ಮೈಕುಗಳ ಸ್ಪಂಜಿನ ಟೊಪ್ಪಿಗೆಗಳನ್ನು ಸೋಪಿನ ನೀರಿನಲ್ಲಿ ನೆನೆಹಾಕಿ, ಒಂದೊಂದನ್ನೇ ಅಂಗೈಯಲ್ಲಿಟ್ಟು ಒತ್ತುತ್ತಿದ್ದೆ. ಒತ್ತಬೇಕು, ತಿರುಚಬಾರದು, ತಿರುಚಿದರೆ ಹರಿದು ಕೈಗೆ ಬರುತ್ತವೆ. ದೊಡ್ಡವರು ಮಾತಾಡುವಾಗ ಎಷ್ಟು ಉಗುಳುತ್ತಾರೆ ಎಂಬುದು ಈ ನೀರಿನ ಬಣ್ಣ ನೋಡಿದವರಿಗೆ ಮಾತ್ರ ಗೊತ್ತು. ಒಂಬತ್ತನೆಯದಕ್ಕೆ ಕೈ ಹಾಕಿದ್ದೆ, ದೊಡ್ಡ ಸಭಾಕೋಣೆಯಿಂದ ತಂತಿ ಕೂಗಿದ.

“ಅಕ್ಕಾ, ನಿಮ್ಮ ಗಂಟಲು ಸ್ವಲ್ಪ ಬೇಕಿತ್ತು!”

“ಕೊಯ್ಯೋಕಾ, ಹಾಡಿಸೋಕಾ?”

“ಎರಡೂ ಬೇಡ. ಮೈಕ್ ಮುಂದೆ ನಿಂತು ಒಂದು ಎರಡು ಮೂರು ಅನ್ನಿ, ಸಾಕು.”

ತಂತಿ ಎಂಬುದು ನಾವಿಟ್ಟ ಹೆಸರು. ಐವತ್ತು ದಾಟಿದ ದಪ್ಪ ಮನುಷ್ಯ, ಹೆಗಲ ಮೇಲೆ ಯಾವಾಗಲೂ ಒಂದು ಸುರುಳಿ ತಂತಿ. ನಮ್ಮ ಕಚೇರಿಯ ಎರಡು ಸಭಾಕೋಣೆಗಳಿಗೆ ಹೊಸ ಧ್ವನಿ ಉಪಕರಣ ಕೂರಿಸಲು ಅವನ ಕಂಪನಿಯವರು ಕಳಿಸಿದ್ದರು. ಆ ಕೋಣೆಗಳು ನನ್ನ ಸುಪರ್ದಿಯವು. ನಾನು ಈ ಕಚೇರಿಗೆ ಬಂದದ್ದು ಕಸ ಗುಡಿಸಲು. ನಲವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು ಹತ್ತನೆಯ ತರಗತಿ ಮುಗಿಸಿದ್ದಕ್ಕೆ ಕುರ್ಚಿ, ಲೋಟ, ಪರದೆ, ಮೈಕುಗಳ ಉಸ್ತುವಾರಿ ಕೊಟ್ಟರು. ದೊಡ್ಡ ಕೋಣೆಯ ಒಂದು ತುದಿಗೆ ವೇದಿಕೆ. ಇನ್ನೊಂದು ತುದಿಗೆ, ಕುರ್ಚಿಗಳ ಬೆನ್ನ ಹಿಂದೆ, ಗಾಜಿನ ಗೋಡೆ. ಆ ಗಾಜಿನಾಚೆ ಚಿಕ್ಕ ಕೋಣೆ. ಗಾಜಿಗೆ ದಪ್ಪ ಪರದೆ ಇರುತ್ತದೆ. ತಂತಿ ಕೆಲಸಕ್ಕೆಂದು ಅದನ್ನು ಬಿಚ್ಚಿ ತೆಗೆದಿದ್ದ.

ನಾನು ಕೈ ಒರೆಸಿಕೊಂಡು ವೇದಿಕೆ ಹತ್ತಿದೆ. ತಂತಿ ಚಿಕ್ಕ ಕೋಣೆಗೆ ಹೋದ.

“ಒಂದು, ಎರಡು, ಮೂರು,” ಎಂದೆ. ನನ್ನ ಧ್ವನಿ ನಾಲ್ಕು ಮೂಲೆಯಿಂದ ನನಗೇ ಕೇಳಿಸಿತು. “ನಾಲ್ಕು, ಐದು…”

ಆರಕ್ಕೆ ಧ್ವನಿ ನಿಂತಿತು. ಕಡ್ಡಿ ಮುರಿದ ಹಾಗೆ. ನನ್ನ ಬಾಯಿ ಆಡುತ್ತಿತ್ತು, ಕೋಣೆ ಸುಮ್ಮನಿತ್ತು.

“ನಿಂತು ಹೋಯ್ತಲ್ಲಪ್ಪಾ!” ಎಂದು ಕೂಗಿದೆ.

ತಂತಿ ಗಾಜಿನಾಚೆಯಿಂದ ತಲೆ ಚಚ್ಚಿಕೊಳ್ಳುತ್ತ ನಗುತ್ತ ಬಂದ. ಕೈಯಲ್ಲಿ ರಿಮೋಟ್. “ನಂದೇ ತಪ್ಪು ಅಕ್ಕಾ. ಎರಡೂ ಕೋಣೆಗೆ ಒಂದೇ ಥರದ ಆಂಪ್ಲಿಫೈಯರ್. ಕಾರ್ಖಾನೆಯಿಂದ ಎರಡೂ ಒಂದನೇ ನಂಬರಲ್ಲೇ ಬರ್ತಾವೆ. ಒಂದನ್ನ ಎರಡನೇ ನಂಬರಿಗೆ ತಿರುಗಿಸ್ಬೇಕು, ಮರೆತೆ. ಅಲ್ಲಿ ಮ್ಯೂಟ್ ಒತ್ತಿದ್ರೆ ಇಲ್ಲೂ ಬಾಯಿ ಮುಚ್ಚುತ್ತೆ.”

“ಅಷ್ಟು ದೂರದಿಂದ? ಗಾಜು ಅಡ್ಡ ಇದೆಯಲ್ಲ.”

“ಬನ್ನಿ, ತೋರಿಸ್ತೀನಿ.” ರಿಮೋಟಿನ ಮೂತಿಯನ್ನು ನನ್ನ ಕಡೆ ತಿರುಗಿಸಿ ಗುಂಡಿ ಒತ್ತಿದ. “ಏನಾದ್ರೂ ಕಾಣ್ತಾ?”

“ಇಲ್ಲ.”

“ಈಗ ನನ್ನ ಫೋನಿನ ಕ್ಯಾಮೆರಾದಲ್ಲಿ ನೋಡಿ.” ಪರದೆಯ ಮೇಲೆ ನೇರಳೆ ಬಣ್ಣದ ಒಂದು ಚುಕ್ಕೆ ಮಿಣಮಿಣ ಅಂದಿತು. “ಇದೇ ಇನ್‌ಫ್ರಾರೆಡ್. ನಮ್ಮ ಕಣ್ಣಿಗೆ ಬೀಳದ ಬೆಳಕು. ಈ ಬೆಳಕು ಹಿಡಿಯೋ ಚಿಕ್ಕ ಕೋಣೆಯ ಕಣ್ಣು ಗಾಜಿನ ಚೌಕಟ್ಟಿನ ಮೇಲಿದೆ ನೋಡಿ, ಆ ಕರೀ ಬಿಲ್ಲೆ. ಅದಕ್ಕೆ ಗುರಿಯಿಟ್ಟು ಒತ್ತಿದ್ರೆ ಬೆಳಕು ಗಾಜು ದಾಟಿ ಸೀದಾ ಇಲ್ಲಿಗೆ, ವೇದಿಕೆ ಗೋಡೆಯ ಕಣ್ಣಿಗೆ ಬಡಿಯುತ್ತೆ. ಗೋಡೆ ಅಡ್ಡ ಬಂದ್ರೆ ಮುಗೀತು. ದಪ್ಪ ಬಟ್ಟೆ ಬಂದ್ರೂ ಮುಗೀತು. ಗಾಜು ಅದಕ್ಕೆ ಲೆಕ್ಕಾನೇ ಅಲ್ಲ.”

ನಾನು ವೇದಿಕೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

“ಏನಾಯ್ತಕ್ಕಾ? ನೀರು ತರ್ಲಾ?”

“ಬೇಡ. ಹಳೇ ಆಂಪ್ಲಿಫೈಯರ್ ಡಬ್ಬಿಗಳೂ ಎರಡೂ ಕೋಣೆಯಲ್ಲಿ ಒಂದೇ ಥರದವಾ?”

“ಅವಳಿ ಜವಳಿ. ಯಾಕೆ?”



ಒಂಬತ್ತು ವರ್ಷದ ಹಿಂದೆ ಇದೇ ಕೋಣೆಯಲ್ಲಿ, ವಾರ್ಷಿಕ ಸಭೆಯಲ್ಲಿ, ಆಗಿನ ಅಧ್ಯಕ್ಷರು ಮಾತಾಡುತ್ತಿದ್ದಾಗ ಧ್ವನಿ ಹೀಗೇ ನಿಂತಿತ್ತು. ಹನ್ನೊಂದು ನಿಮಿಷ. ಮೈಕುಗಳ ಮೇಜಿನ ಮುಂದೆ ಕೂತಿದ್ದವನು ನನ್ನ ತಮ್ಮ, ಒಡಹುಟ್ಟಿದ ತಮ್ಮ. ಹದಿನಾಲ್ಕು ವರ್ಷ ಆ ಮೇಜಿನ ಹಿಂದೆ ಕೂತಿದ್ದವನು. ತಂತಿಗಳನ್ನೆಲ್ಲ ಅಲ್ಲಾಡಿಸಿ ನೋಡಿದ, ಮೈಕ್ ಬದಲಾಯಿಸಿದ, ಏನೂ ಆಗಲಿಲ್ಲ. ಆಂಪ್ಲಿಫೈಯರ್ ಬೀರುವಿನಲ್ಲಿ, ಬೀರುವಿನ ಬೀಗದ ಕೈ ಆಡಳಿತಾಧಿಕಾರಿಯ ಹತ್ತಿರ. “ಅಕ್ಕಾ, ಓಡು, ಬೀಗದ ಕೈ ತಾ,” ಎಂದ. ನಾನು ಓಡಿದೆ. ಸಭೆಯಲ್ಲಿರಬೇಕಾದ ಆಡಳಿತಾಧಿಕಾರಿ ಚಿಕ್ಕ ಕೋಣೆಯಲ್ಲಿ ದೀಪ ಆರಿಸಿಕೊಂಡು ಟೀವಿಯಲ್ಲಿ ಆಟ ನೋಡುತ್ತಿದ್ದರು. ಆ ಕೋಣೆಯ ಡಬ್ಬಿಯಿಂದಲೇ ಬರುವ ಟೀವಿಯ ಸದ್ದನ್ನು ನಿಲ್ಲಿಸಿದ್ದರು. ಒಂದು ಕೈಯಲ್ಲಿ ಫೋನು, ಯಾರ ಜೊತೆಯೋ ನಗುತ್ತ ಮಾತು. ನಾನು ಬೀಗದ ಕೈ ಕೇಳಿದೆ. ಇನ್ನೊಂದು ಕೈಯಲ್ಲಿದ್ದ ರಿಮೋಟನ್ನು ನನ್ನ ಮುಖಕ್ಕೆ ಬೀಸಿ, “ಹೊರಗಿರು, ಬರ್ತೀನಿ,” ಎಂದರು. ಬಾಗಿಲ ಹೊರಗೆ ಕೈಕಟ್ಟಿ ನಿಂತೆ. ಮಾತು ಮುಗಿಯಿತು, ಟೀವಿಯ ಸದ್ದು ಮತ್ತೆ ಕೇಳಿಸಿತು. ಬೀಗದ ಕೈ ಹಿಡಿದ ಅವರ ಜೊತೆ ದೊಡ್ಡ ಕೋಣೆಗೆ ಬರುವಷ್ಟರಲ್ಲಿ ಅಲ್ಲೂ ಧ್ವನಿ ಬಂದಿತ್ತು. ತಮ್ಮನ ಕೈ ಒಂದು ತಂತಿಯ ಮೇಲಿತ್ತು.

“ನೋಡಿ, ತಾನೇ ನಿಲ್ಲಿಸಿದ, ತಾನೇ ಬಿಟ್ಟ. ಬೇಕು ಅಂತಲೇ ಮಾಡಿದ್ದಾನೆ!” ಎಂದು ಆಡಳಿತಾಧಿಕಾರಿ ನೂರು ಜನರ ಮುಂದೆ ಕೂಗಿದರು. ಹನ್ನೆರಡನೆಯ ದಿನ ತಮ್ಮನನ್ನು ಕೆಲಸದಿಂದ ತೆಗೆದರು. ತೆಗೆಯುವ ಮುಂಚೆ ತಪ್ಪೊಪ್ಪಿಗೆಗೆ ಸಹಿ ಹಾಕಿಸಿಕೊಂಡರು.

ಕೆಲಸ ಹೋದದ್ದನ್ನು ಹೇಗೋ ನುಂಗಬಹುದಿತ್ತು. ನನ್ನ ಹೊಟ್ಟೆ ಉರಿಸಿದ್ದು ಬೇರೆ. ದಿನ ಕಳೆದಂತೆ ತಮ್ಮ ಆ ತಪ್ಪೊಪ್ಪಿಗೆಯನ್ನು ತಾನೇ ನಂಬಿಬಿಟ್ಟ. “ನನ್ನ ಕೈಯೇ ಎಲ್ಲೋ ತಾಗಿರ್ಬೇಕು ಅಕ್ಕಾ,” ಎನ್ನುತ್ತಿದ್ದ. ಸಂತೆಯಲ್ಲಿ ಸೂಜಿ ಬಿದ್ದರೂ ಯಾವ ದಿಕ್ಕಿನಲ್ಲಿ ಬಿತ್ತು ಎಂದು ಹೇಳುತ್ತಿದ್ದ ಕಿವಿ ಅವನದು. ಆಮೇಲೆ ಮೈಕು ಮುಟ್ಟಲಿಲ್ಲ. ರೇಡಿಯೊ ಹಾಕಿದರೆ ಎದ್ದು ಹೋಗುತ್ತಿದ್ದ.

ಆಗ ನಾನೊಂದು ಕಾಗದ ಬರೆದಿದ್ದೆ. ಅಧ್ಯಕ್ಷರಿಗೆ, ಎರಡು ಪುಟ. ರಾತ್ರಿ ಶಾಲೆಯ ಮೇಷ್ಟ್ರು ಕೆಂಪು ಶಾಯಿಯಲ್ಲಿ ತಿದ್ದಿಕೊಟ್ಟರು, ನಾನು ಚೊಕ್ಕವಾಗಿ ಪ್ರತಿ ಮಾಡಿದೆ. ತಮ್ಮ ತಡೆದ. “ಸಾಕ್ಷಿ ಎಲ್ಲಿ? ನಿನ್ನ ಕೆಲಸಾನೂ ಹೋದ್ರೆ ಇಬ್ರೂ ಏನು ತಿನ್ನೋದು?” ಕಾಗದ ನನ್ನ ಟ್ರಂಕಿನ ತಳ ಸೇರಿತು. ನನ್ನನ್ನು ತಾಳ್ಮೆಯ ಹೆಂಗಸು ಎಂದು ಕಚೇರಿಯಲ್ಲಿ ಹೊಗಳುತ್ತಾರೆ. ಅದು ತಾಳ್ಮೆಯಲ್ಲ, ಬೂದಿ ಮುಚ್ಚಿದ ಕೆಂಡ. ಒಂಬತ್ತು ವರ್ಷ ಆ ಆಡಳಿತಾಧಿಕಾರಿಯ ಲೋಟಕ್ಕೆ ನೀರು ತುಂಬಿಸಿದ್ದೇನೆ. ಮಾತಿಗೆ ಮುಂಚೆ ಮೂರು ಸಲ ಕೆಮ್ಮುವ ಚಾಳಿ ಅವರಿಗೆ; ನಮ್ಮ ಬಾಯಲ್ಲಿ ಕೆಮ್ಮು ಸಾಹೇಬರು. ಪ್ರತಿ ಕೆಮ್ಮಿಗೂ ಒಂದೊಂದು ಶಾಪ ಹಾಕಿದ್ದೇನೆ. ಶಾಪ ತಟ್ಟಲಿಲ್ಲ. ಆ ವಾರದ ಶುಕ್ರವಾರ ವಾರ್ಷಿಕ ಸಭೆಯಲ್ಲಿ ಅವರು ನಿರ್ದೇಶಕರಾಗುವವರಿದ್ದರು.

“ಆ ಹಳೇ ಡಬ್ಬಿ ಬಿಚ್ಚಪ್ಪಾ,” ಎಂದೆ ತಂತಿಗೆ. “ಚಿಕ್ಕ ಕೋಣೇದು. ಅದರ ನಂಬರು ಎಷ್ಟಿದೆ ನೋಡು.”

ಅವನು ನಾಲ್ಕು ಸ್ಕ್ರೂ ತೆಗೆದ. ಮುಚ್ಚಳವನ್ನು ಬೋರಲು ಮಾಡಿದಾಗ ಒಳಬದಿಯಲ್ಲಿ ಹಳದಿಗಟ್ಟಿದ ಒಂದು ಚೀಟಿ ಅಂಟಿತ್ತು. ದುರಸ್ತಿಯವರು ಅಂಟಿಸುವಂಥದ್ದು. ನಾನು ಕನ್ನಡಕ ಏರಿಸಿ ಓದಿದೆ. “ನಂಬರ್ ಒಂದರಿಂದ ಎರಡಕ್ಕೆ ಬದಲಾಯಿಸಿದೆ. ಕಾರಣ: ಪಕ್ಕದ ಕೋಣೆಯ ಧ್ವನಿಯೂ ನಿಲ್ಲುತ್ತಿತ್ತು.” ಕೆಳಗೆ ತಾರೀಖು: ಆ ಸಭೆಯಾದ ನಾಲ್ಕನೆಯ ದಿನ. ತಾರೀಖಿನ ಪಕ್ಕ, ಕೆಲಸ ನೋಡಿಕೊಂಡೆ ಎಂಬ ಗುರುತಿಗೆ, ಕೆಮ್ಮು ಸಾಹೇಬರ ಬಾಲ ಎಳೆದ ಸಹಿ.

ನಾಲ್ಕನೆಯ ದಿನವೇ ಗೊತ್ತಾಗಿತ್ತು. ಹನ್ನೆರಡನೆಯ ದಿನ ತಮ್ಮನಿಂದ ತಪ್ಪೊಪ್ಪಿಗೆ ಬರೆಸಿಕೊಂಡರು.

ತಂತಿಗೆ ಎಲ್ಲವನ್ನೂ ಹೇಳಿದೆ. ಅವನು ಸುರುಳಿಯನ್ನು ಹೆಗಲಿಂದ ಇಳಿಸಿದ. “ಥೂ! ನಮ್ಮ ಕಸುಬಿನವನಿಗೆ ಹೀಗೆ ಮಾಡೋದಾ? ಅಕ್ಕಾ, ಮುಚ್ಚಳ ನೀವಿಟ್ಕೊಳ್ಳಿ. ಹೇಗಿದ್ರೂ ಗುಜರಿಗೆ ಹೋಗೋದು.”

“ಇನ್ನೊಂದು ಕೆಲಸ ಮಾಡು. ನಾಳೆ ಒಂದು ದಿನ ಎರಡೂ ಹೊಸ ಡಬ್ಬಿ ಒಂದನೇ ನಂಬರಲ್ಲೇ ಇರ್ಲಿ. ಪರದೇನೂ ಹಾಕ್ಬೇಡ.”

“ನಾಳೆ ಸಾಹೇಬ್ರು ಭಾಷಣ ಅಭ್ಯಾಸ ಮಾಡ್ತಾರಂತೆ.”

“ಅದಕ್ಕೇ.”

ಮುಚ್ಚಳ ಸಿಕ್ಕ ಮೇಲೆ ಸೀದಾ ಕಾಗದ ಬರೆಯಬಹುದಿತ್ತು. ಬುದ್ಧಿ ಹಾಗೇ ಹೇಳಿತು. ಆದರೆ ಕಾಗದಕ್ಕೆ ಮುಖ ಇರುವುದಿಲ್ಲ. ನನಗೆ ಆ ಮುಖ ನೋಡಬೇಕಿತ್ತು. ನನ್ನ ತಮ್ಮ ಹನ್ನೊಂದು ನಿಮಿಷ ಬೆವತದ್ದರಲ್ಲಿ ಒಂದು ನಿಮಿಷವಾದರೂ ಆ ಮನುಷ್ಯ ಬೆವರಬೇಕಿತ್ತು.

ಮರುದಿನ ಹನ್ನೊಂದು ಗಂಟೆಗೆ ದೊಡ್ಡ ಕೋಣೆಯಲ್ಲಿ ಇಪ್ಪತ್ತೈದು ಮೂವತ್ತು ಜನ ಸೇರಿದರು. ಎಲ್ಲ ವಿಭಾಗದಿಂದ ಇಬ್ಬಿಬ್ಬರು ಬಂದು ಕೇಳಬೇಕೆಂದು ಕೆಮ್ಮು ಸಾಹೇಬರದೇ ಆಜ್ಞೆ. ಕಾರ್ಯದರ್ಶಿ ಮೇಡಂ ಮೊದಲ ಸಾಲಿನಲ್ಲಿ, ತಂತಿ ಮೈಕಿನ ಮೇಜಿನ ಮುಂದೆ. ನಾನು ಲೋಟಗಳನ್ನು ಜೋಡಿಸಿ, ಚಿಕ್ಕ ಕೋಣೆಗೆ ಹೋಗಿ, ದೀಪ ಆರಿಸಿ ಕುಳಿತೆ. ರಿಮೋಟ್ ಮಡಿಲಲ್ಲಿತ್ತು.

ಮೂರು ಕೆಮ್ಮು. “ಸನ್ಮಾನ್ಯರೇ, ಈ ಸಂಸ್ಥೆಯನ್ನು ನಾನು ನನ್ನ ಮನೆಯಂತೆ…”

ಒತ್ತಿದೆ.

ಬಾಯಿ ಆಡುತ್ತಿತ್ತು, ಕೈ ಆಡುತ್ತಿತ್ತು, ಸದ್ದಿಲ್ಲ. ಗಾಜಿನಾಚೆ ನೀರೊಳಗಿನ ಮೀನಿನ ಹಾಗೆ ಕಂಡರು. ಕೂತವರೆಲ್ಲ ತಂತಿಯ ಕಡೆ ತಿರುಗಿದರು, ಕೆಲವರು ಗೋಡೆಯ ಸ್ಪೀಕರುಗಳ ಕಡೆ. ಕೆಮ್ಮು ಸಾಹೇಬರು ಮಾತ್ರ ಎರಡರ ಕಡೆಗೂ ನೋಡಲಿಲ್ಲ. ಎಲ್ಲರ ತಲೆಯ ಮೇಲಿಂದ ಕಣ್ಣೆತ್ತಿ, ಹಿಂಬದಿಯ ಕತ್ತಲೆ ಗಾಜನ್ನು ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ಇವರಿಗೆ ಯಾರೂ ಕಳ್ಳ ಎಂದೂ ಅಂದಿರಲಿಲ್ಲ.

ಮತ್ತೆ ಒತ್ತಿದೆ. “…ಎಂಬುದೇ ನನ್ನ…” ಎಂದು ಧ್ವನಿ ಬಂತು. ಮತ್ತೆ ಒತ್ತಿದೆ, ಹೋಯಿತು. ನಾಲ್ಕನೆಯ ಸಲ ಒತ್ತಿದಾಗ ಬಂದದ್ದು ಭಾಷಣವಲ್ಲ, ಬರೀ ಉಸಿರು. ಮುಖ ಬೂದಿಯಾಗಿತ್ತು. ನಿಜ ಹೇಳಬೇಕೆಂದರೆ, ಒಂಬತ್ತು ವರ್ಷದಲ್ಲಿ ನಾನು ಉಂಡ ಯಾವ ಊಟವೂ ಅಷ್ಟು ರುಚಿಯಾಗಿರಲಿಲ್ಲ. ಇನ್ನೂ ಹತ್ತು ಸಲ ಒತ್ತುತ್ತಿದ್ದೆನೇನೋ.

ಅಷ್ಟರಲ್ಲಿ ಅವರು ಚೇತರಿಸಿಕೊಂಡರು. ಬೆರಳೆತ್ತಿ ತೋರಿಸಿದ್ದು ಗಾಜಿನ ಕಡೆಗಲ್ಲ.

“ಏಯ್! ನಿನ್ನನ್ನೇ! ಬೇಕು ಅಂತಲೇ ಮಾಡ್ತಿದ್ದೀಯ! ನಿನ್ನ ಕಂಪನಿಗೆ ಈಗಲೇ ಬರೀತೀನಿ. ಇನ್ನು ಈ ಕಸುಬಲ್ಲಿ ನಿನಗೆ ಅನ್ನ ಹುಟ್ಟಲ್ಲ!”

ಅದೇ ಮಾತು. ಅದೇ ‘ಬೇಕು ಅಂತಲೇ’. ತಂತಿ ಎದ್ದು ನಿಂತು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಪಾಪದ ಮನುಷ್ಯ, ಬಾಯಿ ಬಿಗಿದು ನಿಂತ. ನನ್ನ ರುಚಿಯೆಲ್ಲ ಕಹಿಯಾಯಿತು. ಸೇಡಿನ ಭರದಲ್ಲಿ ಅವನೊಬ್ಬ ಅಲ್ಲಿ ಕೂತಿದ್ದಾನೆ ಎಂಬುದನ್ನೇ ಮರೆತಿದ್ದೆ. ಆ ಮನುಷ್ಯನ ಕೈಗೆ ಇನ್ನೊಂದು ಕುರಿಯನ್ನು ನಾನೇ ಒಪ್ಪಿಸಿದ್ದೆ.

ಬಾಗಿಲು ತೆಗೆದು ದೊಡ್ಡ ಕೋಣೆಗೆ ನಡೆದೆ. ರಿಮೋಟನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ.

“ಅವರಲ್ಲ ಸಾರ್. ಒತ್ತಿದ್ದು ನಾನು.”

“ನೀನಾ?” ಮೂರು ಕೆಮ್ಮು. “ಏನಮ್ಮಾ, ವಯಸ್ಸಾಯ್ತು ನಿನಗೆ. ಗೊತ್ತಿಲ್ದೆ ಏನೋ ಮುಟ್ಟಿದ್ದೀಯ. ಹೋಗು, ಹೋಗಿ ಮನೇಲಿರು.”

“ಗೊತ್ತಿದ್ದೇ ಮುಟ್ಟಿದೆ. ಒಂದು ಮಾತು ಕೇಳ್ತೀನಿ. ಧ್ವನಿ ನಿಂತಾಗ ಇಲ್ಲಿದ್ದೋರೆಲ್ಲ ಇವರ ಕಡೆ ನೋಡಿದ್ರು, ಸ್ಪೀಕರ್ ಕಡೆ ನೋಡಿದ್ರು. ನೀವೊಬ್ರೇ ಆ ಗಾಜಿನ ಕಡೆ ಯಾಕೆ ನೋಡಿದ್ರಿ?”

ಹಿಂದಿನ ಸಾಲಿನಲ್ಲಿ ಯಾರೋ “ಹೌದಲ್ವಾ,” ಎಂದರು. ಹಳಬರು ಐದಾರು ಜನರಿದ್ದರು. ಅವರಿಗೆ ನನ್ನ ತಮ್ಮನ ಕಥೆ ಗೊತ್ತು. ಒಬ್ಬರು ಇನ್ನೊಬ್ಬರ ಕಿವಿ ಕಚ್ಚಿದರು. ಕೆಮ್ಮು ಸಾಹೇಬರು “ಅಭ್ಯಾಸ ಮುಗೀತು, ಎಲ್ಲರೂ ಏಳಿ,” ಎಂದು ನನ್ನನ್ನು ಪಡಸಾಲೆಗೆ ಕರೆದರು.

ಅಲ್ಲಿ ಧ್ವನಿ ಬೇರೆಯೇ ಆಯಿತು. “ನೋಡಿ ಅಮ್ಮಾ, ನೀವು ಹಿರಿಯರು.” ಇಪ್ಪತ್ತೆರಡು ವರ್ಷದಲ್ಲಿ ನನಗೆ ನೀವು ಅಂದದ್ದು ಅದೇ ಮೊದಲು. “ಹಳೇ ಹೆಣ ಯಾಕೆ ಅಗೀತೀರಿ?”

“ಹೆಣ ಅಲ್ಲ ಸಾರ್, ಬದುಕಿದ್ದಾನೆ. ಚಪ್ಪಲಿ ಅಂಗಡಿಯ ಗೋದಾಮಲ್ಲಿ ರಟ್ಟಿನ ಪೆಟ್ಟಿಗೆ ಮಡಚ್ತಾನೆ.”

“ಗೊತ್ತು, ಗೊತ್ತು. ನಾನು ನಿರ್ದೇಶಕ ಆದ ಮೇಲೆ ಅವನಿಗೊಂದು ಜಾಗ ಮಾಡ್ತೀನಿ. ಇಲ್ಲೇ, ಮೈಕಿನ ಮೇಜಿಗೇ. ಹಳೇ ಡಬ್ಬಿಯಲ್ಲಿ ಏನೋ ಚೀಟಿ ಇತ್ತು ಅಂದ ಅವನು, ಆ ತಂತಿಯವನು. ಅದನ್ನ ನನಗೆ ಕೊಟ್ಬಿಡಿ.”

“ತಂತಿ ಹೇಳಿಲ್ಲ. ಅವನು ಬಾಯೇ ಬಿಟ್ಟಿಲ್ಲ. ಚೀಟಿ ಇದೆ ಅನ್ನೋದು ನಿಮಗೆ ಒಂಬತ್ತು ವರ್ಷದಿಂದ ನೆನಪಿದೆ, ಅಷ್ಟೇ.”

ಆಗ ಅವರು ಕೆಮ್ಮಲಿಲ್ಲ.

“ಒಂದು ನಿಮಿಷ ಯೋಚನೆ ಮಾಡಿ,” ಎಂದರು.

“ನೀವು ಹೊರಗಿರು ಅಂದಾಗ ಬಾಗಿಲ ಹೊರಗೆ ನಿಂತು ಬೇಕಾದಷ್ಟು ಮಾಡಿದ್ದೀನಿ ಸಾರ್,” ಎಂದು ಹೇಳಿ, ಸೆರಗು ಸಿಕ್ಕಿಸಿಕೊಂಡು ಹೊರಟೆ. ತಂತಿ ಬಾಗಿಲಲ್ಲಿ ಕಾದಿದ್ದ. ಡಬ್ಬಿಯಲ್ಲಿ ತಾನು ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದು, ಹಿಂದಿನ ದಿನ ತೆಗೆದ ಚೀಟಿಯ ಫೋಟೋ ಪ್ರಿಂಟ್ ಮಾಡಿಸಿಟ್ಟಿದ್ದ, ಎರಡನ್ನೂ ನನ್ನ ಕೈಗಿಟ್ಟ. “ನಿನ್ನನ್ನ ಸಿಕ್ಕಿಸಿಬಿಟ್ಟೆನಲ್ಲಪ್ಪಾ,” ಎಂದೆ. “ಬೈಸ್ಕೊಳ್ಳೋದು ನಮ್ಮ ಕಸುಬಿನ ಒಂದು ಭಾಗ ಅಕ್ಕಾ, ಹೋಗಿ ಬನ್ನಿ,” ಎಂದ.

ಮನೆಗೆ ಹೋಗಿ ಟ್ರಂಕಿನಿಂದ ಕಾಗದ ತೆಗೆದುಕೊಂಡು, ಮುಚ್ಚಳವನ್ನು ಚೀಲದಲ್ಲಿಟ್ಟು, ಚಪ್ಪಲಿ ಅಂಗಡಿಯ ಹಿಂಬದಿಗೆ ನಡೆದೆ. ಗೋದಾಮಿನಲ್ಲಿ ರಬ್ಬರಿನ, ಅಂಟಿನ ವಾಸನೆ. ತಮ್ಮ ನೆಲದ ಮೇಲೆ ಕಾಲು ಮಡಚಿ ಕೂತು ಪೆಟ್ಟಿಗೆ ಮಡಚುತ್ತಿದ್ದ. ನಾನು ಮೊದಲಿಂದ ಕೊನೆಯವರೆಗೆ ಹೇಳಿದೆ. ಅವನ ಕೈ ನಿಲ್ಲಲಿಲ್ಲ.

“ಬಿಡಕ್ಕಾ. ನನ್ನ ಕೈಯೇ ತಾಗಿರುತ್ತೆ.”

“ತಾಗಿಲ್ಲ ಕಣೋ.” ಮುಚ್ಚಳವನ್ನು ಅವನ ತೊಡೆಯ ಮೇಲಿಟ್ಟೆ.

ಓದಿದ. ಮತ್ತೊಮ್ಮೆ ಓದಿದ. “ಚಿಕ್ಕ ಕೋಣೇಲಿ ಕಣ್ಣು ಎಲ್ಲಿತ್ತು?” ಎಂದ.

“ಗಾಜಿನ ಚೌಕಟ್ಟಿನ ಮೇಲೆ.”

“ಪರದೆ ಇತ್ತಲ್ಲ. ಪರದೆ ಇದ್ರೆ ದಾಟಲ್ಲ.”

ಈ ಪ್ರಶ್ನೆ ಬರುತ್ತದೆಂದು ನನಗೆ ಹಿಂದಿನ ದಿನವೇ ಗೊತ್ತಿತ್ತು. “ಅವತ್ತು ಇರ್ಲಿಲ್ಲ. ಸಭೆಗೆ ಅಂತ ಒಗೆಯೋಕೆ ತೆಗೆದಿದ್ದೆ. ಒಣಗಿರ್ಲಿಲ್ಲ. ಅದು ನನ್ನ ತಪ್ಪು. ಕಾಗದದಲ್ಲಿ ಅದನ್ನೂ ಬರೀತೀನಿ.”

ಅವನು ನನ್ನ ಮುಖ ನೋಡಿದ. ಬೈಯಲಿಲ್ಲ. ಮಡಚುತ್ತಿದ್ದ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟ. “ಹನ್ನೊಂದು ನಿಮಿಷ ಫೋನಲ್ಲಿ ಮಾತಾಡಿದ್ದಾನೆ,” ಎಂದ. “ನಾನು ಆ ಮೈಕನ್ನ ನಾಲ್ಕು ಸಲ ಬಿಚ್ಚಿ ಹಾಕಿದೆ ಅಕ್ಕಾ. ನಾಲ್ಕು ಸಲಾನೂ ಸರಿಯಾಗಿತ್ತು. ಸರಿಯಾಗೇ ಇತ್ತು.” ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ನಾನು ಬೇರೆ ಕಡೆ ನೋಡಿದೆ.

“ಮೈಕಿನ ಮೇಜು ಕೊಡ್ತಾನಂತೆ ವಾಪಸ್ಸು,” ಎಂದೆ.

“ಅವನು ಕೊಟ್ಟ ಮೇಜು ಯಾವನಿಗೆ ಬೇಕು? ಆ ಹಾಳೆ ಕೊಡು ಇಲ್ಲಿ.”

ಹಳೆಯ ಎರಡು ಪುಟಗಳಲ್ಲಿ ನಾನು ಬೇಡಿಕೊಂಡಿದ್ದೆ: ದಯಮಾಡಿ, ಕರುಣೆಯಿಟ್ಟು, ಬಡವರು. ಅವನ್ನು ಹಾಗೇ ಇರಿಸಿದೆ, ಎಷ್ಟು ಬಾಗಿದ್ದೆವೆಂಬುದು ಅವರಿಗೂ ಕಾಣಲಿ. ಮೂರನೆಯ ಹಾಳೆಯಲ್ಲಿ ಬೇಡಲಿಲ್ಲ. ತಾರೀಖುಗಳು, ಚೀಟಿಯ ಮಾತು, ಪರದೆ, ಇಂದು ನಾನು ನಾಲ್ಕು ಸಲ ಒತ್ತಿದ್ದು, ಯಾರು ಎಲ್ಲಿ ನೋಡಿದರು ಎಂಬುದು, ಪಡಸಾಲೆಯ ಮಾತು, ಎಲ್ಲ ಬರೆದೆ. ಈ ಮನುಷ್ಯನನ್ನು ನಿರ್ದೇಶಕನಾಗಿ ಮಾಡುವ ಮುಂಚೆ, ನನ್ನ ತಮ್ಮನ ಹೆಸರಿಗಂಟಿದ ಕಳಂಕವನ್ನು ಅದೇ ವೇದಿಕೆಯ ಮೇಲೆ, ಅದೇ ಮೈಕಿನಲ್ಲಿ, ನೂರು ಜನರ ಮುಂದೆ ತೊಳೆಯಬೇಕು ಎಂದು ಬರೆದೆ. ಕೊನೆಯಲ್ಲಿ ತಮ್ಮ ಪೆನ್ನು ಕಸಿದುಕೊಂಡು ತನ್ನ ಕೈಯಿಂದ ಒಂದು ಸಾಲು ಸೇರಿಸಿದ: “ನನ್ನ ತಪ್ಪೊಪ್ಪಿಗೆಯನ್ನು ಹಿಂತೆಗೆದುಕೊಳ್ಳುತ್ತೇನೆ. ನನ್ನ ಕೈ ತಾಗಿರಲಿಲ್ಲ.”

ಕಚೇರಿಗೆ ಬರುವ ಟಪಾಲೆಲ್ಲ ಕೆಮ್ಮು ಸಾಹೇಬರ ಮೇಜು ದಾಟಿಯೇ ಒಳಗೆ ಹೋಗುತ್ತದೆ. ಅದಕ್ಕೇ ತಂತಿಯ ಹಾಳೆ, ಫೋಟೋ ಎಲ್ಲ ಸೇರಿಸಿದ ಲಕೋಟೆಯ ಮೇಲೆ ಈಗಿನ ಅಧ್ಯಕ್ಷೆಯ ಮನೆಯ ವಿಳಾಸ ಬರೆದೆ. ಇಬ್ಬರೂ ಅಂಚೆ ಕಚೇರಿಗೆ ಹೋದೆವು. ಕಿಟಕಿಯ ಹಿಂದಿನ ಹುಡುಗಿ ಲಕೋಟೆಯನ್ನು ತಕ್ಕಡಿಗೆ ಇಟ್ಟಳು.

“ಭಾರ ಇದೆಯಲ್ಲಜ್ಜಿ, ಒಳಗೇನು?”

“ಬರೀ ಕಾಗದ. ಶುಕ್ರವಾರಕ್ಕೆ ಮುಂಚೆ, ನಾಳೇನೇ ಮುಟ್ಟುತ್ತಾ?”

“ನಾಳೆ ಮಧ್ಯಾಹ್ನದೊಳಗೆ ಮುಟ್ಟುತ್ತೆ. ಸಹಿ ಹಾಕಿಸ್ಕೊಂಡೇ ಕೊಡ್ತಾರೆ. ಕಳಿಸೋರ ಹೆಸರು ಬರೆದಿಲ್ಲ ನೀವು.”

ತಮ್ಮ ಲಕೋಟೆಯನ್ನು ನನ್ನ ಕಡೆ ತಳ್ಳಿದ. ನಾನು ಅವನ ಕಡೆ ತಳ್ಳಿದೆ. ಹಿಂದೆ ಸಾಲಿನಲ್ಲಿದ್ದವರು ಗೊಣಗಿದರು. ಕೊನೆಗೆ ಇಬ್ಬರ ಹೆಸರನ್ನೂ ಬರೆದೆವು, ಅವನದು ಮೇಲೆ, ನನ್ನದು ಕೆಳಗೆ. ಹುಡುಗಿ ಮುದ್ರೆ ಎತ್ತಿ ಎರಡು ಸಲ ಗುದ್ದಿ, ಲಕೋಟೆಯನ್ನು ಬೆನ್ನ ಹಿಂದಿನ ಚೀಲಕ್ಕೆ ಎಸೆದಳು.